ನರಪೇತಲ! ಈಗ ನೀವು ಹೇಳಿ!

ಮನಸ್ಸು ಮಾಡಿದರೆ ನಾನು ನನ್ನ ಬಾಯಿಗೆ ಬೀಗ ಹಾಕಬಲ್ಲೆ! ಇದನ್ನು ನಂಬುವವರು ನಮ್ಮ ಮನೆಯಲ್ಲಿ ಒಬ್ಬರೂ ಇಲ್ಲ ಎಂಬುದು ಬೇರೆ ಮಾತು. ಆ ಭಾನುವಾರ ಬೆಳಿಗ್ಗೆ ಹಲ್ಲುಜ್ಜುವ ಬ್ರಷ್ಷನ್ನು ಖಡ್ಗದ ಹಾಗೆ ಮೇಲೆತ್ತಿ, ಹೆಂಡತಿ ಮತ್ತು ತಂಗಿಯ ಎದುರು ನಾನೊಂದು ಭೀಷ್ಮಪ್ರತಿಜ್ಞೆ ಮಾಡಿದೆ.

"ಕೇಳಿ ಇಬ್ರೂ! ಇವತ್ತು ಅವರು ಬಂದು ಹೋಗೋ ತನಕ ಸಣಕಲ, ಬಡಕಲ, ಕಡ್ಡಿ ಪೈಲ್ವಾನ್, ಇಂಥ ಒಂದೇ ಒಂದು ಮಾತೂ ಈ ಬಾಯಿಂದ ಬರಲ್ಲ!"

"ನರಪೇತಲ ಅನ್ನೋದನ್ನ ಬಿಟ್ರಿ," ಎಂದಳು ಹೆಂಡತಿ.

"ಅದೂ ಬರಲ್ಲ! ನರಪೇತಲ ಅನ್ನೋ ಪದ ನನ್ನ ಪಾಲಿಗೆ ಸತ್ತುಹೋಯ್ತು! ನರಪೇತಲ ಅಂದ್ರೆ ಏನು ಅಂತಲೇ ನಂಗೆ ಗೊತ್ತಿಲ್ಲ!"

"ನೋಡಿದ್ರಾ ಅತ್ತಿಗೆ, ಬಾಯಿಮುಚ್ಕೋತೀನಿ ಅನ್ನೋಕೇ ಎಷ್ಟು ಸಲ ಹೇಳಿದ," ಎಂದಳು ತಂಗಿ. ಅವಳ ಕಣ್ಣಂಚಿನಲ್ಲಿ ನೀರಿತ್ತು. ಅದನ್ನು ನೋಡಿ ನನ್ನ ಬ್ರಷ್ಷು ತಾನಾಗಿಯೇ ಕೆಳಗಿಳಿಯಿತು.

ವಿಷಯ ಇಷ್ಟು. ನನ್ನ ತಂಗಿ ಶಾಲೆಯಲ್ಲಿ ಲೆಕ್ಕದ ಟೀಚರು. ವಯಸ್ಸು ಮೂವತ್ತು ದಾಟಿತ್ತು. ನಾನು ಹುಡುಕಿ ತಂದ ಗಂಡುಗಳನ್ನೆಲ್ಲ ತಪ್ಪು ಲೆಕ್ಕಕ್ಕೆ ಕಾಟು ಹಾಕುವ ಹಾಗೆ ಒಂದೊಂದಾಗಿ ಹೊಡೆದುಹಾಕಿದ್ದಳು. ಕೊನೆಗೆ ತಾನೇ ಒಬ್ಬರನ್ನು ಒಪ್ಪಿಕೊಂಡಳು. ಅದೇ ಶಾಲೆಯ ಡ್ರಿಲ್ ಮೇಷ್ಟ್ರು! ಡ್ರಿಲ್ ಮೇಷ್ಟ್ರು ಎಂದ ಕೂಡಲೇ ನಾನು ಉಬ್ಬಿದ ತೋಳು, ಅಗಲವಾದ ಎದೆ ಎಲ್ಲವನ್ನೂ ಕಲ್ಪಿಸಿಕೊಂಡು ಹಿಗ್ಗಿದ್ದೆ. ಆಗ ತಂಗಿ ಮೆಲ್ಲಗೆ, "ಅಣ್ಣ, ಅವರು ಸ್ವಲ್ಪ ಸಣ್ಣ," ಎಂದಿದ್ದಳು. ಅವರನ್ನು ಮೊದಲೇ ನೋಡಿದ್ದ ನನ್ನ ಹೆಂಡತಿ ಆ 'ಸ್ವಲ್ಪ'ವನ್ನು ಕೇಳಿ ಕೆಮ್ಮಿದ್ದಳು.

ಸಣ್ಣಗಿರುವುದು ಅಪರಾಧವೇನಲ್ಲ. ತೊಂದರೆ ಇದ್ದದ್ದು ಅವರ ತಾಯಿಯಲ್ಲಿ. ಕಂಡಕಂಡವರೆಲ್ಲ "ಮಗನಿಗೆ ಊಟ ಹಾಕಲ್ವೇನಮ್ಮ?" ಎಂದು ಕೇಳಿ ಕೇಳಿ ಆ ತಾಯಿಯ ಜೀವ ರೋಸಿಹೋಗಿತ್ತಂತೆ. ಹಿಂದೊಮ್ಮೆ ಮಾತುಕತೆ ಮುಗಿದು ಎಲ್ಲ ಗಟ್ಟಿಯಾಗಿದ್ದ ಸಂಬಂಧದಲ್ಲಿ ಹುಡುಗಿಯ ಚಿಕ್ಕಪ್ಪ ಇದೇ ಮಾತನ್ನು ತಮಾಷೆಗೆ ಆಡಿದರಂತೆ. ತಾಯಿ ಎದ್ದು ಮಗನ ಕೈಹಿಡಿದುಕೊಂಡು ನಡೆದೇಬಿಟ್ಟರಂತೆ. ಅವತ್ತಿನಿಂದ ಮಗನೂ ಮದುವೆಯ ಮಾತೆತ್ತಿರಲಿಲ್ಲ. ಈಗ ಅದೇ ತಾಯಿ ನಮ್ಮ ಮನೆಗೆ ಮೊದಲ ಸಲ ಬರುವವರಿದ್ದರು.

"ಅಣ್ಣ, ಇವತ್ತು ನಿನ್ನ ಬಾಯಿಂದ ಏನಾದ್ರೂ ಆದ್ರೆ, ನಾನು ಇನ್ಯಾವತ್ತೂ ಮದುವೆ ಆಗಲ್ಲ," ಎಂದಳು ತಂಗಿ. ಅವಳು ಲೆಕ್ಕದವಳು, ಹೇಳಿದ್ದನ್ನು ಹೇಳಿದ ಹಾಗೇ ಮಾಡುವವಳು.

ಇಷ್ಟಕ್ಕೂ ನನ್ನ ಬಾಯಿಯ ಮೇಲೆ ಇವರಿಗೇಕೆ ಈ ಪರಿ ಭಯ ಎಂದು ನೀವು ಕೇಳಬಹುದು. ಅದು ನನ್ನ ಕೆಲಸದ ದೋಷ. ಹೊಸದಾಗಿ ನಮ್ಮ ಭಾಷೆ ಕಲಿಯುವವರು ಫೋನಿನಲ್ಲಿ ಪಾಠ ಕೇಳುತ್ತಾರಲ್ಲ, ಆ ಪಾಠಕ್ಕೆ ನಾನು ಧ್ವನಿ. ದಿನಕ್ಕೊಂದು ಪದ. ಪದಕ್ಕೆ ಮೂರು ಸ್ವಂತ ವಾಕ್ಯ. ಪ್ರತಿ ವಾಕ್ಯ ಆದಮೇಲೆ ಗಂಭೀರವಾಗಿ "ಈಗ ನೀವು ಹೇಳಿ!" ಎನ್ನಬೇಕು. ಕಲಿಯುವವನು ಎಲ್ಲೋ ಬಸ್ಸಿನಲ್ಲೋ ಬಚ್ಚಲಲ್ಲೋ ಅದನ್ನು ಹೇಳಿಕೊಳ್ಳುವಷ್ಟು ಹೊತ್ತು ಸುಮ್ಮನಿರಬೇಕು. ಬಾಯಿಗೆ ಬಂದ ಪದವನ್ನು ಎದುರಿಗೆ ಸಿಕ್ಕವರ ಮೇಲೆ ಪ್ರಯೋಗಿಸಿ ನೋಡುವುದು ನನ್ನ ಅಭ್ಯಾಸ. 'ಬೋಳುತಲೆ' ಪಾಠದ ದಿನ ಮೆಟ್ಟಿಲಲ್ಲಿ ಸಿಕ್ಕಿದ್ದು ಮನೆಯ ಮಾಲೀಕರು. ಅವತ್ತಿನಿಂದ ಅವರು ಗಿಡಕ್ಕೆ ನೀರು ಹಾಕುವಾಗಲೂ ಟೋಪಿ ತೆಗೆಯುವುದಿಲ್ಲ. 'ಜಿಪುಣ' ಪಾಠದ ನಂತರ ನಮ್ಮ ಸೋದರಮಾವ ಮನೆಗೆ ಬರುವುದನ್ನೇ ಬಿಟ್ಟರು.

ಆ ಭಾನುವಾರದ ಪದ ಯಾವುದು ಅಂತೀರಿ? ವಿಧಿಗೂ ಹಾಸ್ಯಪ್ರಜ್ಞೆ ಇದೆ ಸ್ವಾಮಿ! ನರಪೇತಲ!

ಹಿಂದಿನ ದಿನವೇ ಮೂರು ವಾಕ್ಯ ಕಳಿಸಿದ್ದೆ. 'ಬರಗಾಲದಿಂದ ಪ್ರಜೆಗಳು ನರಪೇತಲರಾದರು' ಅಂತೆಲ್ಲ ಘನವಾದ ವಾಕ್ಯಗಳು. ನಮ್ಮ ಕಂಪನಿಯ ಮೇಡಂ ಭಾನುವಾರ ಮಧ್ಯಾಹ್ನ ಫೋನು ಮಾಡಿ ಮೂರನ್ನೂ ಗುಡಿಸಿಹಾಕಿದರು.

"ಯಾರ್ರೀ ಮನೇಲಿ ಹೀಗೆ ಮಾತಾಡ್ತಾರೆ? ಸಹಜವಾಗಿರ್ಲಿ ಅಂತ ಎಷ್ಟು ಸಲ ಹೇಳೋದು! ನಿಜವಾದ ಒಬ್ಬ ಮನುಷ್ಯನ್ನ ಕಣ್ಮುಂದೆ ಇಟ್ಕೊಂಡು ಹೇಳಿ. ಐದು ಗಂಟೆ ಒಳಗೆ ಕಳಿಸಿ, ಇಲ್ಲಾಂದ್ರೆ ಬೇರೆ ಧ್ವನಿ ನೋಡ್ಕೋತೀನಿ."

ನಿಜವಾದ ಮನುಷ್ಯನನ್ನು ಎಲ್ಲಿಂದ ತರಲಿ? ನಮ್ಮ ವಂಶದಲ್ಲಿ ಎಲ್ಲರದೂ ತುಂಬಿದ ಶರೀರ. ನನ್ನ ವಿಷಯ ಹೇಳುವುದೇ ಬೇಡ. ಶೂ ಲೇಸು ಕಟ್ಟಿಕೊಳ್ಳುವುದನ್ನು ಬಿಟ್ಟು ಬಹಳ ಕಾಲವಾಯಿತು. ಹೀಗೆ ಯೋಚಿಸುತ್ತ ಕೂತಿದ್ದಾಗಲೇ ಕರೆಗಂಟೆಯ ಸದ್ದಾಯಿತು. ಐದಕ್ಕೆ ಬರಬೇಕಿದ್ದವರು ನಾಲ್ಕಕ್ಕೇ ಬಂದಿದ್ದರು!

ಬಾಗಿಲು ತೆರೆದೆ. ಮುಂದೆ ದುಂಡಗಿನ ತಾಯಿ, ಕೈಯಲ್ಲಿ ದೊಡ್ಡ ಕೈಚೀಲ. ಅವರ ಹಿಂದೆ ಒಂದು ನೀಲಿ ಅಂಗಿ. ಸ್ವಲ್ಪ ನಿಧಾನಿಸಿ ನೋಡಿದಾಗ ಅಂಗಿಯೊಳಗೆ ಒಬ್ಬ ಮನುಷ್ಯ ಇರುವುದು ಗೊತ್ತಾಯಿತು. ಕತ್ತಿನಲ್ಲಿ ಒಂದು ವಿಷಲ್ಲು. ಭಾನುವಾರವೂ!

"ನಮಸ್ಕಾರ!" ಎಂದರು ಮೇಷ್ಟ್ರು. ಒಳಗೆ ಅಡುಗೆಮನೆಯಲ್ಲಿ ಚಮಚಗಳು ನಡುಗಿದವು. ಅಂಥ ದೇಹದಿಂದ ಅಂಥ ಧ್ವನಿ! ಇಡೀ ಮೈದಾನಕ್ಕೆ ಕೇಳಿಸಬೇಕಲ್ಲ, ಇದ್ದಬದ್ದದ್ದೆಲ್ಲ ಗಂಟಲಿಗೇ ಹೋಗಿತ್ತು.

"ಬನ್ನಿ ಬನ್ನಿ! ಎಷ್ಟು ಸಣ್..." ಹೆಂಡತಿಯ ಹಿಮ್ಮಡಿ ನನ್ನ ಕಾಲ್ಬೆರಳ ಮೇಲೆ ಬಿತ್ತು. "...ಸಂತೋಷ ಆಯ್ತು! ಗೇಟಿನ ಮುಂದೆ ಯಾರೋ ಗಾಡಿ ನಿಲ್ಸಿದ್ರಲ್ಲ, ಹೇಗೆ ಬಂದ್ರಿ?"

"ನಮ್ಮಮ್ಮ ಸುತ್ತಿ ಬಂದ್ರು. ನಾನು ಸಂದಿಯಲ್ಲೇ ತೂರ್ಕೊಂಡು ಬಂದೆ."

"ಅಯ್ಯೋ, ನಿಮಗೇನು ಬಿಡಿ, ಗೇಟು ಮುಚ್ಚಿದ್ರೂ..." ಇನ್ನೊಂದು ಕಾಲಿನ ಬೆರಳುಗಳೂ ಹೋದವು.

ಅವರನ್ನು ಹಾಲಿನ ಸೋಫಾದಲ್ಲಿ ಕೂರಿಸಿದೆವು. ತಂಗಿ ಚಹಾ ತಂದಳು. ಮೇಷ್ಟ್ರು ಅವಳನ್ನು ನೋಡಿದರು, ಅವಳು ಮೇಷ್ಟ್ರನ್ನು ನೋಡಿದಳು, ಚಹಾ ತಟ್ಟೆಗೆ ಚೆಲ್ಲಿತು. ನನಗೆ ನಿಜಕ್ಕೂ ಸಂತೋಷವಾಯಿತು. ನನ್ನ ತಂಗಿ ಯಾರನ್ನಾದರೂ ಹಾಗೆ ನೋಡಿದ್ದನ್ನು ನಾನು ಕಂಡೇ ಇರಲಿಲ್ಲ. ಆದರೆ ಮೇಡಂ ಮಾತು ತಲೆಯಲ್ಲಿ ಗುಂಯ್‌ಗುಡುತ್ತಿತ್ತು. ನಿಜವಾದ ಮನುಷ್ಯ! ಕಣ್ಮುಂದೆ! ವಾಕ್ಯಗಳು ಒಂದರ ಮೇಲೊಂದು ಉಕ್ಕಿ ಬಂದು ಹಲ್ಲಿನ ಹಿಂದೆ ಸಾಲಾಗಿ ನಿಂತವು. ಇನ್ನೂ ಐದು ನಿಮಿಷ ಅಲ್ಲೇ ಕೂತಿದ್ದರೆ ಹಲ್ಲು ಮುರಿದುಕೊಂಡಾದರೂ ಹೊರಗೆ ಬರುತ್ತಿದ್ದವು.

"ಆಫೀಸಿನ ಸಣ್ಣ ಕೆಲಸ. ಈಗ ಬಂದೆ," ಎಂದು ಎದ್ದೆ. ಹೆಂಡತಿ ಕಣ್ಣಲ್ಲೇ ಶಹಬ್ಬಾಸ್ ಹೇಳಿದಳು. ನಾನು ಅಲ್ಲಿರದಿದ್ದರೆ ಎಲ್ಲ ಸುಗಮ ಎಂದು ಅವಳ ಲೆಕ್ಕ.

ಈಗ ನನ್ನ ಧ್ವನಿಮುದ್ರಣ ಮಂದಿರದ ವರ್ಣನೆ ಮಾಡಬೇಕು. ಅದು ನಮ್ಮ ಮಲಗುವ ಕೋಣೆಯ ಬಟ್ಟೆ ಬೀರು! ನಗಬೇಡಿ. ಮನೆಯಲ್ಲಿ ಕೂತು ಧ್ವನಿ ಕೊಡುವವರು ಬೇಕಾದಷ್ಟು ಮಂದಿ ಬೀರುವಿಗೆ ಹೋಗುತ್ತಾರೆ. ಕೋಟು, ಕಂಬಳಿ, ರಜಾಯಿಗಳ ನಡುವೆ ಕೂತರೆ ಪ್ರತಿಧ್ವನಿ ಇರುವುದಿಲ್ಲ. ನೆಲದಿಂದ ಮೇಲಿನವರೆಗೂ ಇರುವ ಎರಡು ಬಾಗಿಲಿನ ಬೀರು. ಬಲಗಡೆ ಅರಿವೆಗಳ ಕೆಳಗೆ ಹಾಸಿಗೆ ಹೊದಿಕೆ, ಎಡಗಡೆ ಕೋಟು ಕಂಬಳಿಗಳ ನಡುವೆ ಒಂದು ಸ್ಟೂಲು, ಮೈಕು, ನಾನು. ನಡುವೆ ಒಂದು ಹಲಗೆ. ಆ ಹಲಗೆ ಹಿಂದಿನ ತನಕ ಹೋಗುವುದಿಲ್ಲ, ಹಿಂದುಗಡೆ ಒಂದು ಗೇಣಿನಷ್ಟು ಸಂದಿ ಇದೆ. ಅಲ್ಲಿ ಇಸ್ತ್ರಿ ಹಲಗೆ ನಿಲ್ಲಿಸುತ್ತೇವೆ. ಬಾಗಿಲು ಹಾಕಿಕೊಂಡು ನಾನು ಕಿರುಚಿದರೂ ಮಂಚದ ಮೇಲೆ ಕೂತ ಹೆಂಡತಿಗೆ ಕೇಳಿಸುವುದಿಲ್ಲ. ಪರೀಕ್ಷೆ ಮಾಡಿ ನೋಡಿದ್ದೇವೆ.

ಪರೀಕ್ಷೆ ಮಾಡದೆ ಬಿಟ್ಟದ್ದು ಒಂದೇ. ಈ ಮನೆ ಕಟ್ಟಿಸಿದವರು ಕೋಣೆಗೂ ಹಾಲಿಗೂ ನಡುವೆ ಗೋಡೆಯನ್ನೇ ಕಟ್ಟಿಸಿಲ್ಲ. ಬೀರುವಿನ ಬೆನ್ನಿನ ತೆಳ್ಳನೆಯ ಪ್ಲೈವುಡ್ಡೇ ಹಾಲಿನ ಗೋಡೆ! ಅದಕ್ಕೆ ಹೂವಿನ ಚಿತ್ರದ ಕಾಗದ ಅಂಟಿಸಿದ್ದಾರೆ. ನಾನು ಬೀರುವಿಗೆ ಹೋಗುವಾಗ ಸದ್ದಾಗಬಾರದೆಂದು ಮನೆಯವರೆಲ್ಲ ಮಹಡಿಯ ಮೇಲೆ ಹೋಗುವುದು ನಮ್ಮ ಪದ್ಧತಿ. ಹಾಗಾಗಿ ಆ ಹೊತ್ತಿನಲ್ಲಿ ಹಾಲಿನಲ್ಲಿ ಕೂತು ಕೇಳಿದವರು ಇದುವರೆಗೆ ಹುಟ್ಟಿರಲಿಲ್ಲ. ಈಗ ಆ ಹೂವಿನ ಕಾಗದಕ್ಕೆ ತಲೆಯಾನಿಸಿಕೊಂಡು, ಸೋಫಾದಲ್ಲಿ, ಮೇಷ್ಟ್ರ ತಾಯಿ ಚಹಾ ಕುಡಿಯುತ್ತಿದ್ದರು.

ನಾನು ಕಿವಿಗೆ ಹೆಡ್‌ಫೋನ್ ಏರಿಸಿ, ಬಾಗಿಲೆಳೆದುಕೊಂಡು, ಕೆಂಪು ದೀಪ ಹತ್ತಿಸಿ, ಗಂಟಲು ಸರಿಮಾಡಿಕೊಂಡೆ. ಕತ್ತಲಲ್ಲಿ ಆ ನೀಲಿ ಅಂಗಿಯನ್ನು ಕಣ್ಮುಂದೆ ತಂದುಕೊಂಡೆ. ಆಹಾ, ಏನು ಸಹಜ! ಏನು ಸರಾಗ!

"ನರಪೇತಲ! ಆ ಡ್ರಿಲ್ ಮೇಷ್ಟ್ರು ಎಂಥ ನರಪೇತಲ ಎಂದರೆ, ಅವರು ಓಡಿದರೆ ಅಂಗಿ ಹಿಂದೆ ಉಳಿಯುತ್ತದೆ. ಈಗ ನೀವು ಹೇಳಿ!"

ಆಮೇಲೆ ಹಾಲಿನಲ್ಲಿ ನಡೆದದ್ದನ್ನು ನನ್ನ ಹೆಂಡತಿ ಹೇಳಿ ಹೇಳಿ ನನಗೆ ಬಾಯಿಪಾಠವಾಗಿದೆ. ಗೋಡೆ ಮಾತಾಡಿದ್ದು ಕೇಳಿ ತಾಯಿಯ ಕೈಯ ಕಪ್ಪು ಅರ್ಧದಲ್ಲೇ ನಿಂತಿತಂತೆ. ತಂಗಿ ಕಲ್ಲಾದಳಂತೆ. 'ಈಗ ನೀವು ಹೇಳಿ' ಎಂದ ಕೂಡಲೇ, ಹೇಳಿಸುವುದೂ ಹೇಳುವುದೂ ಅಭ್ಯಾಸವಾದ ಮೇಷ್ಟ್ರು ತಮಗರಿವಿಲ್ಲದೆ ನೆಟ್ಟಗೆ ಕೂತು, "ನರಪೇತಲ!" ಎಂದು ಗುಡುಗಿದರಂತೆ.

ಹೆಂಡತಿ ಅಡುಗೆಮನೆಗೆ ಓಡಿ ಖಾಲಿ ಮಿಕ್ಸಿ ತಿರುಗಿಸಿದಳು. ಭರ್ರ್ ಎನ್ನುವ ಆ ಸದ್ದಿನ ಮೇಲೆ ನನ್ನ ಎರಡನೇ ವಾಕ್ಯ ತೇಲಿ ಬಂತು.

"ನರಪೇತಲರು ಬಂದು ಕೂತರೆ ಸೋಫಾಗೆ ಗೊತ್ತೇ ಆಗುವುದಿಲ್ಲ. ಈಗ ನೀವು ಹೇಳಿ!"

"ಮಿಕ್ಸಿ ನಿಲ್ಸಮ್ಮ," ಎಂದರಂತೆ ತಾಯಿ. "ಗೋಡೆ ಏನೋ ಹೇಳ್ತಾ ಇದೆ. ಪೂರ್ತಿ ಕೇಳೋಣ."

ಹೆಂಡತಿ ಕೋಣೆಗೆ ಧಾವಿಸಿ ಬೀರುವಿನ ಬಾಗಿಲನ್ನು ಎರಡೂ ಕೈಯಲ್ಲಿ ಬಡಿದಳು. ಹೆಡ್‌ಫೋನ್ ಹಾಕಿದ್ದ ನನಗೆ ಅದು ಕೇಳಿಸಲಿಲ್ಲ, ಬೆನ್ನಿಗೆ ಕೋಟುಗಳು ಅಲುಗಿದ್ದು ಮಾತ್ರ ತಿಳಿಯಿತು. ಪಾಪ, ಬೇಗ ಮುಗಿಸಿ ಎನ್ನುತ್ತಿದ್ದಾಳೆ ಎಂದುಕೊಂಡು ಧ್ವನಿ ಇನ್ನೂ ಏರಿಸಿದೆ! ಅವಳು ಹಿಡಿ ಹಿಡಿದು ಎಳೆದಳು. ಬಾಗಿಲು ಬರಲಿಲ್ಲ, ಹಿಡಿ ಕಿತ್ತು ಕೈಗೆ ಬಂತು. ಅಷ್ಟರಲ್ಲಿ ನನ್ನ ಮೂರನೇ ಮತ್ತು ಮಹೋನ್ನತ ವಾಕ್ಯ ಹೊರಟಿತ್ತು.

"ಮಗ ನರಪೇತಲನಾದರೆ ಜನ ತಾಯಿಯ ಅಡುಗೆಯನ್ನು ಅನುಮಾನಿಸುತ್ತಾರೆ. ಈಗ ನೀವು ಹೇಳಿ!"

ಮುಗಿಯಿತು. ಹೆಡ್‌ಫೋನ್ ತೆಗೆದು, ಬೆನ್ನು ತಟ್ಟಿಕೊಳ್ಳಲು ಕೈ ಎಟುಕದ್ದರಿಂದ ಹೊಟ್ಟೆಯನ್ನೇ ತಟ್ಟಿಕೊಂಡೆ. ತಿರುಗಿ ಬಾಗಿಲು ತಳ್ಳಿದೆ. ಜಪ್ಪಯ್ಯ ಎನ್ನಲಿಲ್ಲ. ಆಗ ಬೆನ್ನ ಹಿಂದಿನಿಂದ, ಕಿವಿಯ ಹತ್ತಿರವೇ, ಒಂದು ಹೆಂಗಸಿನ ಧ್ವನಿ ಗಂಟೆ ಹೊಡೆದಷ್ಟು ಸ್ಪಷ್ಟವಾಗಿ ಕೇಳಿಸಿತು.

"ಏಳೋ. ಹೋಗೋಣ."

ಅವರು ಹೇಳಿದ್ದು ನನಗೆ ಇಷ್ಟು ಚೆನ್ನಾಗಿ ಕೇಳಿಸುತ್ತದೆ ಎಂದಮೇಲೆ... ನಾನು ಹೇಳಿದ್ದು... ಅಯ್ಯೋ ದೇವರೇ! ಕೋಟುಗಳ ನಡುವೆಯೂ ನನಗೆ ಚಳಿ ಹತ್ತಿತು.

"ಅಮ್ಮಾ, ಅದು ಪಾಠ!" ಎಂದು ಪ್ಲೈವುಡ್ಡಿಗೆ ಬಾಯಿಟ್ಟು ಕೂಗಿದೆ. "ಪಾಠದ ವಾಕ್ಯ ಅಮ್ಮಾ! ಸಹಜವಾಗಿರ್ಲಿ ಅಂತ..."

"ಸಹಜವಾಗೇ ಇತ್ತಪ್ಪ," ಎಂದಿತು ಆ ಧ್ವನಿ.

ಹೊರಗೆ ಹೋಗಿ ಕಾಲಿಗೆ ಬೀಳೋಣವೆಂದರೆ ಬಾಗಿಲಿಲ್ಲ! ಹೆಂಡತಿ ಬಾಗಿಲ ಸಂದಿಗೆ ಬಾಯಿಟ್ಟು ಕೂಗುತ್ತಿದ್ದಳು. "ರೀ, ಹಿಡಿ ಕಿತ್ತು ಬಂತು, ಬೀಗ ಬಿದ್ದಿದೆ! ಒಳಗಿಂದ ಕೆಳಗಡೆ ಬೀಗದ ನಾಲಗೆ ಇದೆ, ಬಗ್ಗಿ ಒತ್ತಿ!"

ಬಗ್ಗುವುದು! ಬೀಗದ ನಾಲಗೆ ಇದ್ದದ್ದು ಮೊಣಕಾಲಿನ ಕೆಳಗೆ. ನನಗೂ ನನ್ನ ಮೊಣಕಾಲಿಗೂ ನಡುವೆ ಒಂದು ಹೊಟ್ಟೆ ಇದೆ. ಬಯಲಿನಲ್ಲೇ ಅದು ದಾರಿ ಬಿಡುವುದಿಲ್ಲ, ಇನ್ನು ಬೀರುವಿನೊಳಗೆ ಬಿಟ್ಟೀತೇ? ಒಂದು ಸಲ ಬಗ್ಗಲು ನೋಡಿದೆ. ತಲೆ ಮೈಕಿಗೆ ಬಡಿಯಿತು. ಇನ್ನೊಂದು ಸಲ ನೋಡಿದೆ. ಸ್ಟೂಲು ಓರೆಯಾಗಿ ನಾನು ಕಂಬಳಿಗಳ ನಡುವೆ ಸಿಕ್ಕಿಕೊಂಡೆ, ಅತ್ತ ಏಳಲೂ ಆಗದು, ಇತ್ತ ಕೂರಲೂ ಆಗದು.

ಹಾಲಿನಿಂದ ಸಣ್ಣದೊಂದು ಬಿಕ್ಕು ಕೇಳಿಸಿತು. ನನ್ನ ತಂಗಿ. ಚಿಕ್ಕಂದಿನಲ್ಲಿ ಅವಳ ಬಳಪ ನಾನು ಮುರಿದಾಗಲೂ ಹಾಗೇ, ಸದ್ದಿಲ್ಲದೆ ಅಳುತ್ತಿದ್ದಳು. ನನಗೆ ನನ್ನ ನಾಲಗೆಯನ್ನೇ ಕಿತ್ತು ಇಸ್ತ್ರಿ ಹಲಗೆಯ ಪಕ್ಕದಲ್ಲಿ ನಿಲ್ಲಿಸಿಬಿಡೋಣ ಎನಿಸಿತು.

ಆಗ ಬಲಗಡೆಯ ಬಾಗಿಲು ತೆರೆದ ಸದ್ದಾಯಿತು. ಹಾಸಿಗೆ ಹೊದಿಕೆಗಳು ಧೊಪ್ಪನೆ ಹೊರಗೆ ಬಿದ್ದವು. ಇಸ್ತ್ರಿ ಹಲಗೆ ಹೋಯಿತು. ಅದು ನಿಲ್ಲುತ್ತಿದ್ದ ಒಂದು ಗೇಣಿನ ಸಂದಿಯಲ್ಲಿ ಮೊದಲು ಒಂದು ವಿಷಲ್ಲು ಬಂತು. ಆಮೇಲೆ ಒಂದು ಭುಜ, ಒಂದು ಕಿವಿ, ನೀಲಿ ಅಂಗಿ, ಕೊನೆಗೆ ಪೂರ್ತಿ ಒಬ್ಬ ಮೇಷ್ಟ್ರು! ಕೆಂಪು ದೀಪದ ಮಂದ ಬೆಳಕಿನಲ್ಲಿ ನಾವಿಬ್ಬರೂ ಮೂಗಿಗೆ ಮೂಗು ತಾಗಿಸಿಕೊಂಡು ನಿಂತೆವು. ಅಂದರೆ ಅವರು ನಿಂತರು, ನಾನು ಸಿಕ್ಕಿಕೊಂಡಿದ್ದೆ.

"ಮೇಷ್ಟ್ರೇ, ತಪ್ಪಾಯ್ತು. ಏನು ಬೇಕಾದ್ರೂ ಅನ್ನಿ. ನನ್ನ ತಂಗೀನ ಮಾತ್ರ ಬಿಟ್ಟು ಹೋಗ್ಬೇಡಿ. ಅವಳು ಯಾರನ್ನೂ ಹಾಗೆ ನೋಡಿದವಳಲ್ಲ," ಎಂದೆ. ತಮಾಷೆಗೆ ಹೇಳಲಿಲ್ಲ.

ಮೇಷ್ಟ್ರು ನನ್ನನ್ನೇ ನೋಡಿದರು. ನಂತರ ಮೈಕನ್ನು ನೋಡಿದರು. "ಇದು ಇನ್ನೂ ಓಡ್ತಾ ಇದೆಯಾ?"

"ಓಡ್ತಾ ಇದೆ."

"ನೀವು ಮೂರು ಸಲ 'ಈಗ ನೀವು ಹೇಳಿ' ಅಂದ್ರಿ. ನಾನಿನ್ನೂ ಸರಿಯಾಗಿ ಹೇಳಿಲ್ಲ," ಎಂದು ಅವರು ಎದೆ ಸೆಟೆಸಿದರು. ಎದೆ ಎಂದರೆ ಇದ್ದಷ್ಟು. ಆಮೇಲೆ ಇಡೀ ಬೀದಿಗೆ ಕೇಳಿಸುವ ಹಾಗೆ ಗುಡುಗಿದರು.

"ನಮ್ಮ ಭಾವ ಬೀರುವಿನಲ್ಲಿ ಸಿಕ್ಕಿಹಾಕಿಕೊಂಡಾಗ, ಅವರನ್ನು ಬಿಡಿಸಲು ಒಬ್ಬ ನರಪೇತಲನೇ ಬೇಕಾಯಿತು! ಈಗ ನೀವು ಹೇಳಿ!"

ಭಾವ! ಅವರು ನನ್ನನ್ನು ಭಾವ ಎಂದರು! ಪ್ಲೈವುಡ್ಡಿನ ಆಚೆ ಬಿಕ್ಕು ನಿಂತಿತು. ಒಂದು ಗಳಿಗೆಯ ಬಳಿಕ ಬಾಗಿಲ ಕಡೆ ಹೊರಟಿದ್ದ ಒಂದು ಕೈಚೀಲ ವಾಪಸು ಬಂದು ಧೊಪ್ಪನೆ ಸೋಫಾದ ಮೇಲೆ ಕೂತ ಸದ್ದು ಕೇಳಿಸಿತು. ನಾನು ಕಣ್ಣು ಒರೆಸಿಕೊಂಡು, ಕಂಬಳಿಗಳ ನಡುವಿನಿಂದ, ಅಕ್ಷರ ತಪ್ಪದೆ ಆ ವಾಕ್ಯವನ್ನು ಹೇಳಿದೆ. ಮೇಷ್ಟ್ರು ಅನಾಯಾಸವಾಗಿ ಕೂತು ಬೀಗದ ನಾಲಗೆ ಒತ್ತಿದರು. ಬಾಗಿಲು ತೆರೆದುಕೊಂಡಿತು. ನಾನು ಕಂಬಳಿ ಸಮೇತ ಹೆಂಡತಿಯ ಪಾದಕ್ಕೆ ಉರುಳಿದೆ.

ಮೇಷ್ಟ್ರ ತಾಯಿ ಕೋಣೆಯ ಬಾಗಿಲಲ್ಲಿ ನಿಂತು, ನೆಲದ ಮೇಲಿದ್ದ ನನ್ನನ್ನು ಈ ತುದಿಯಿಂದ ಆ ತುದಿಯವರೆಗೆ ಸಾವಕಾಶವಾಗಿ ನೋಡಿದರು.

"ನನ್ನ ಅಡುಗೆ ಮೇಲೆ ಅನುಮಾನ ಅಂದ್ರಲ್ಲಪ್ಪ. ನಿಮ್ಮಮ್ಮನ ಅಡುಗೆ ಮೇಲೆ ಯಾರಿಗೂ ಅನುಮಾನ ಬರಲ್ಲ ಬಿಡಿ. ಆದ್ರೆ ಬಾಗಿಲು ತೆಗೆಯೋಕೆ ಮಾತ್ರ ನನ್ನ ಮಗನೇ ಬೇಕಾಯ್ತು!"

ಮೊದಲು ನಕ್ಕಿದ್ದು ನನ್ನ ತಂಗಿ. ಆಮೇಲೆ ಆ ತಾಯಿ. ಆಮೇಲೆ ನಗದೆ ಉಳಿದವನು ನಾನೊಬ್ಬನೇ.

ಗಡಿಬಿಡಿಯಲ್ಲಿ ಆ ಧ್ವನಿಮುದ್ರಣವನ್ನು ಇದ್ದ ಹಾಗೇ ಮೇಡಂಗೆ ಕಳಿಸಿದ್ದೆ. ಸಂಜೆಯೇ ಫೋನು ಬಂತು. ನನ್ನ ಮೂರು ವಾಕ್ಯಗಳನ್ನೂ ಕತ್ತರಿಸಿದ್ದರು. "ನಿಮ್ಮದು ಅತಿಯಾಯ್ತು. ಆದ್ರೆ ಕೊನೇಲಿ ಒಬ್ರು ಹೇಳಿದ್ರಲ್ಲ, ಅದು ನೋಡಿ ವಾಕ್ಯ ಅಂದ್ರೆ! ಯಾರ್ರೀ ಅವರು? ಎಂಥ ಗಂಟಲು! ನಿಮ್ಮದರಲ್ಲಿ 'ಈಗ ನೀವು ಹೇಳಿ' ಅನ್ನೋದನ್ನ ಮಾತ್ರ ಇಟ್ಕೊಂಡಿದೀನಿ."

ಹೀಗೆ ಗುರುತು ಪರಿಚಯವಿಲ್ಲದ ಊರುಗಳಲ್ಲಿ, ಮುಖ ನೋಡದ ಜನ, ಬಸ್ಸಿನಲ್ಲಿ ಬಚ್ಚಲಲ್ಲಿ ನಾನು ಬೀರುವಿನಲ್ಲಿ ಸಿಕ್ಕಿಹಾಕಿಕೊಂಡದ್ದನ್ನು ಹೇಳಿ ಹೇಳಿ ಭಾಷೆ ಕಲಿಯುತ್ತಿದ್ದಾರೆ. ತಂಗಿಯ ಮದುವೆ ಸುಸೂತ್ರವಾಗಿ ಆಯಿತು. ಮೇಷ್ಟ್ರು ಈಗ ಭಾನುವಾರಗಳಲ್ಲಿ ನಮ್ಮ ಮನೆಗೆ ಬಂದು ಧ್ವನಿ ಕೊಡುತ್ತಾರೆ. ಬೀರುವಿನಲ್ಲಿ ಅವರು ಕೂತಮೇಲೂ ಇನ್ನೊಬ್ಬರಿಗೆ ಜಾಗ ಉಳಿಯುತ್ತದೆ ಎಂದು ಹೆಂಡತಿಗೆ ಬಲು ಸಂತೋಷ. ಮೇಲೆ ಹೋಗುವ ಪದ್ಧತಿಯನ್ನೂ ಮನೆಯವರು ಬಿಟ್ಟಿದ್ದಾರೆ. ಎಲ್ಲರೂ ಚಹಾ ಹಿಡಿದುಕೊಂಡು ಹಾಲಿನಲ್ಲಿ ಕೂರುತ್ತಾರೆ.

ಇದನ್ನು ಬರೆಯುತ್ತಿರುವಾಗ ನಾನೂ ಅದೇ ಸೋಫಾದಲ್ಲಿ, ಅದೇ ಹೂವಿನ ಕಾಗದಕ್ಕೆ ತಲೆಯಾನಿಸಿಕೊಂಡು ಕೂತಿದ್ದೇನೆ. ನನ್ನ ಎಡಕ್ಕೆ ಹೆಂಡತಿ, ಬಲಕ್ಕೆ ತಂಗಿ, ಎದುರಿಗೆ ಅವಳ ಅತ್ತೆ. ಇವತ್ತಿನ ಪದ ಯಾವುದೆಂದು ಯಾರೂ ನನಗೆ ಹೇಳಿರಲಿಲ್ಲ. ಈಗಷ್ಟೇ ಗೋಡೆ ಗಂಟಲು ಸರಿಮಾಡಿಕೊಂಡಿತು.

"ಡೊಳ್ಳುಹೊಟ್ಟೆ! ನಮ್ಮ ಭಾವನ ಡೊಳ್ಳುಹೊಟ್ಟೆ ಎಷ್ಟು ದೊಡ್ಡದೆಂದರೆ, ಅವರು ತಮ್ಮ ಪಾದಗಳನ್ನು ಫೋಟೋದಲ್ಲಿ ಮಾತ್ರ ನೋಡಿದ್ದಾರೆ. ಈಗ ನೀವು ಹೇಳಿ!"

ಮೂವರೂ ನನ್ನ ಕಡೆ ತಿರುಗಿ, ಒಂದೇ ದನಿಯಲ್ಲಿ ಹೇಳುತ್ತಿದ್ದಾರೆ.